ಉಜ್ಜಿದರೆ ಏಳುವ ಮಚ್ಚೆ

ಟಮಕದ ಆಸ್ಪತ್ರೆ, ಮಂಗಳವಾರ, ಚರ್ಮದ ವಿಭಾಗದ ಹೊರಗೆ
ಒಂದು ಕಾಲು ಗಿಡ್ಡವಾದ ಕಬ್ಬಿಣದ ಬೆಂಚು.
ಈ ತುದಿಗೆ ನಾನು ಕೂತರೆ ಆ ತುದಿಯ ಮಗು ಚೂರು ಮೇಲೇಳುತ್ತದೆ.
ತೂಗುವುದೇ ಕೆಲಸ ನನಗೆ, ಇದೇನು ಹೊಸದಲ್ಲ.

ಮೂರು ವರ್ಷದ ಹುಡುಗಿ. ಲಿಖಿತ, ಅಂತ ಚೀಟಿಯಲ್ಲಿದೆ.
ಹುಣಸೆಬೀಜ ಚೆಲ್ಲಿದ ಹಾಗೆ ಕಂದು ಮಚ್ಚೆ
ಬೆನ್ನಿಗೆ, ಹೊಟ್ಟೆಗೆ, ಕತ್ತಿನ ಮಡಿಕೆಗೆ.
ತಾಯಿ ಮುನಿರತ್ನಮ್ಮ ಕೇಳದಿದ್ದರೂ ಹೇಳುತ್ತಾಳೆ:
ಅಮ್ಮ ಆಗಿದೆ ಅಂದರು, ಬೇವಿನಸೊಪ್ಪು ಹಾಸಿ ಮಲಗಿಸಿದೆ.
ತಿಗಣೆ ಅಂದರು, ಮಂಚ ಬಿಸಿಲಿಗೆ ಹಾಕಿದೆ.
ಅಂಟುತ್ತೆ, ಕರಕೊಂಡು ಹೋಗು, ಅಂದರು ಅಂಗನವಾಡಿಯಲ್ಲಿ.
ಬೀಡಿಯಲ್ಲಿ ಸುಟ್ಟಿದ್ದಾ, ಅಂತ ಒಬ್ಬಳು
ನನ್ನ ಗಂಡನ ಮುಖ ನೋಡಿದಳು.

ಅಷ್ಟು ಹೊತ್ತೂ ಜೋರಾಗಿದ್ದ ದನಿ ಅಲ್ಲಿ ಇಳಿಯಿತು.
ನಾನು ಉತ್ತರ ಕೊಡಲಿಲ್ಲ. ಅಂಗಿಯ ತೋಳು ಮಡಚಿದೆ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಕಾಟಾ ನೋಡುವವನು ನಾನು.
ಈ ಚುಕ್ಕೆಗಳನ್ನು ವಯಸ್ಸಿನದೆಂದು ಬಿಟ್ಟಿದ್ದೆ.
ಬಿಸಿನೀರು ಸೋಕಿದರೆ ಮುಖ ಕೆಂಡ; ಕೋಪ ಅಂದರು ಮನೆಯಲ್ಲಿ.
ಹೊಟ್ಟೆ ಕೆಟ್ಟಾಗೆಲ್ಲ ಹೋಟೆಲಿನ ಚಿತ್ರಾನ್ನವನ್ನು ಬೈದೆ.
ಆಮೇಲೆ ಒಂದು ಕಡಜ, ಒಂದೇ ಒಂದು,
ಕತ್ತಿಗೆ ಕುಟುಕಿತು.
ಸಾದಿಕ್ ಈಗಲೂ ಹೇಳುತ್ತಾನೆ:
ನೂರ ಹನ್ನೆರಡು ಕೆಜಿಯ ಲಾಟು ಕಾಟಾದ ಮೇಲೆ, ನೀನು ಕೆಳಗೆ.
ನನಗೆ ನೆನಪಿರುವುದು ಅಂಗೈ ತುರಿಸಿದ್ದು,
ಆಮೇಲೆ ಮೇಲಿನ ತಗಡು.

ಹೆಸರು ಸಿಗಲು ಇನ್ನೂ ಹದಿನಾಲ್ಕು ತಿಂಗಳು.
ರಕ್ತ ಬೆಂಗಳೂರಿಗೆ ಹೋಯಿತು, ಸಂಖ್ಯೆ ಜಾಸ್ತಿಯೆಂದು ವಾಪಸ್ ಬಂತು.
ಸೊಂಟದ ಮೂಳೆಗೆ ಸೂಜಿಯಿಳಿಸಿ
ನೂಲಿನ ತುಂಡಿನಂಥದ್ದೊಂದು ಎಳೆದರು.
ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ
ಒಳಗಿನ ಹುಳು ಗಟ್ಟಿಯೋ ಕೊಳೆತಿದೆಯೋ ಹೇಳಬಲ್ಲೆ.
ನನ್ನ ಮೂಳೆಯೊಳಗಿನ ಸದ್ದು ನನಗೆ ಕೇಳಿಸಿರಲಿಲ್ಲ.
ಮ್ಯಾಸ್ಟೋಸೈಟೋಸಿಸ್. ನಾಲಿಗೆ ಎರಡು ಕಡೆ ಎಡವುತ್ತದೆ.
ಹೆಂಡತಿ ಅದನ್ನು ಮೇಷ್ಟ್ರು ಅನ್ನುತ್ತಾಳೆ:
ಮೇಷ್ಟ್ರು ಇವತ್ತು ಹೇಗಿದ್ದಾರೆ?

ಮೂವರನ್ನು ಒಟ್ಟಿಗೇ ಒಳಗೆ ಕರೆಯುವುದು ಇಲ್ಲಿನ ರೂಢಿ.
ಡಾಕ್ಟರ್ ಸುಜಯಾ ಪೆನ್ನಿನ ಮೊಂಡು ತುದಿಯಿಂದ
ಮಗುವಿನ ಬೆನ್ನಿನ ಒಂದೇ ಮಚ್ಚೆಯನ್ನು ಐದಾರು ಸಲ ಉಜ್ಜಿ
ಗಡಿಯಾರ ನೋಡುತ್ತ ಕೂತರು.
ಮೂರು ನಿಮಿಷ. ಎದ್ದಿತು,
ಎಣ್ಣೆಗೆ ಬಿಟ್ಟ ಪುಟ್ಟ ಪೂರಿಯ ಹಾಗೆ, ಸುತ್ತ ಕೆಂಪು.
ಹಾಜರಿ ಕೂಗಿದಾಗ ಕೈಯೆತ್ತಿದ ಹಾಗೆ.

ಚರ್ಮದಲ್ಲಿ ಕಾವಲಿನ ಕೋಶ ಇರ್ತವಮ್ಮ,
ಪ್ರತಿಯೊಂದರ ಸೊಂಟದಲ್ಲೂ ಖಾರದಪುಡಿಯ ಚೀಲ.
ನಿಮ್ಮ ಮಗುವಿಗೆ ಕಾವಲು ಜಾಸ್ತಿ. ಬಿಸಿ ತಾಗಿದರೆ, ಒರಟಾಗಿ ಮುಟ್ಟಿದರೆ
ಕಳ್ಳ ಬಂದನೆಂದು ಎರಚುತ್ತವೆ.
ಸಿರಪ್ಪು ಬಿಡಬೇಡಿ. ನೀರು ಉಗುರುಬೆಚ್ಚಗಿರಲಿ.
ಮೈ ಒರೆಸುವಾಗ ಟವೆಲ್ ಒತ್ತಿ, ಉಜ್ಜಬೇಡಿ.
ಅಂಗನವಾಡಿಗೆ ನಾನು ಕಾಗದ ಬರೆದುಕೊಡ್ತೀನಿ, ಇದು ಅಂಟಲ್ಲ.
ದೊಡ್ಡವಳಾಗುವ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಮಾಸುತ್ತೆ.

ಮುನಿರತ್ನಮ್ಮ ನನ್ನ ತೋಳಿನ ಕಡೆ ನೋಡಿದಳು.
ಇವರದು ದೊಡ್ಡವರಾದ ಮೇಲೆ ಬಂದದ್ದು, ಅಂದರು ಡಾಕ್ಟರ್,
ಇದರ ದಾರಿ ಬೇರೆ.

ನನ್ನ ದಾರಿ ಅಂಗಿಯ ಜೇಬಿನ ಕನ್ನಡಕದ ಡಬ್ಬಿಯಲ್ಲಿದೆ:
ಒಂದು ಸಿರಿಂಜು, ಹತ್ತಿಯಲ್ಲಿ ಸುತ್ತಿದ ಎರಡು ಅಡ್ರಿನಲಿನ್,
ಕೇಳದೆ ನೋವಿನ ಮಾತ್ರೆ ಕೊಡಬೇಡಿ ಎಂದು ಕೆಂಪಕ್ಷರದ ಚೀಟಿ.
ಸಾದಿಕ್‌ಗೆ ನರ್ಸು ಟೊಮೆಟೊಗೆ ನೀರು ಚುಚ್ಚಿಸಿ ಕಲಿಸಿದ್ದಾಳೆ.
ತೊಡೆಯ ಹೊರಬದಿಗೆ, ಪ್ಯಾಂಟಿನ ಮೇಲೆಯೇ, ಎಣಿಸುತ್ತ ಕೂರಬೇಡ.
ಹನ್ನೆರಡು ಟೊಮೆಟೊ ಆಗಿತ್ತು. ಆಮೇಲೆ ಅದೇ ಸಾರು.

ಹುಡುಗಿ ಕುರ್ಚಿ ಇಳಿದಳು. ಮೇಜಿನ ಪೆನ್ನು ಎತ್ತಿಕೊಂಡು
ನನ್ನ ಮೊಣಕೈ ಹತ್ತಿರದ ಮಚ್ಚೆಯನ್ನು ಉಜ್ಜಿದಳು,
ಗಡಿಯಾರದತ್ತ ಕತ್ತೆತ್ತಿ ಕಾದಳು.
ಯಾರೂ ಬೇಡ ಅನ್ನಲಿಲ್ಲ.
ಎದ್ದಿತು. ಬೆನ್ನು ತಿರುಗಿಸಿ ತನ್ನದನ್ನೂ ತೋರಿಸಿದಳು.

ಚಿಂತಾಮಣಿ ಬಸ್ಸಿನಲ್ಲಿ ಎಂಜಿನ್ ಪಕ್ಕದ ಸೀಟೊಂದೇ ಖಾಲಿ.
ಕೂತ್ಕೊಳ್ಳಣ್ಣ, ಅಂದ ಕಂಡಕ್ಟರು.
ಕೈಯಿಟ್ಟು ನೋಡಿದೆ, ಕಾದಿತ್ತು.
ನಿಂತೇ ಹೋದೆ.